ಹತ್ತೊಂಬತ್ತು ನಂಬರ್ ನಟ್

ನಮ್ಮ ಕಡೆಯ ಲಾರಿ ಡ್ರೈವರ್‌ಗಳು ನಟ್ಟು ಬೋಲ್ಟುಗಳನ್ನು ಕರೆಯುವುದು ಪಾನಾದ, ಅಂದರೆ ಸ್ಪ್ಯಾನರಿನ, ನಂಬರಿನಿಂದ. ತಿರುಗಿಸಲು ಯಾವ ಪಾನಾ ಬೇಕೋ ಅದೇ ಅದರ ಹೆಸರು. "ಹತ್ತೊಂಬತ್ತು ನಂಬರ್ ನಟ್ ಕೊಡ್ರಿ" ಅಂದರೆ ಹತ್ತೊಂಬತ್ತರ ಪಾನಾಕ್ಕೆ ಕೂರುವ ನಟ್ಟು ಅಂತ ಅರ್ಥ. ಅದರೊಳಗಿನ ಥ್ರೆಡ್, ಅಂದರೆ ಸುರುಳಿ ಗೆರೆ, ಎಂಥದ್ದು ಎಂದು ಯಾರೂ ಹೇಳುತ್ತಿರಲಿಲ್ಲ. ಹೊಸಪೇಟೆಯ ಬಸ್ ಸ್ಟ್ಯಾಂಡಿನ ಹಿಂದೆ ಇದ್ದ ಅಪ್ಪನ ಅಂಗಡಿಯಲ್ಲಿ ಜಗಳವೆಲ್ಲ ಶುರುವಾಗುತ್ತಿದ್ದದ್ದು ಇಲ್ಲಿಂದಲೇ.

"ಬೋಲ್ಟ್ ಎಲ್ಲೈತಿ? ತಂದು ತೋರಿಸು," ಅನ್ನುತ್ತಿದ್ದರು ಅಪ್ಪ.

"ಅಯ್ಯ, ಹತ್ತೊಂಬತ್ತು ನಂಬರ್ ಅಂದ್ನೆಲ್ರೀ!"

"ಹತ್ತೊಂಬತ್ತರಾಗ ಇಂಚಿಂದೂ ಐತಿ, ಎಂಎಮ್ಮಿಂದೂ ಐತಿ. ಯಾವುದು ಕೊಡ್ಲಿ?"

ಅಪ್ಪ ಹೇಳುತ್ತಿದ್ದದ್ದು ನಿಜವೇ. ಅರ್ಧ ಇಂಚಿನ ನಟ್ಟಿಗೂ ಹನ್ನೆರಡು ಎಂಎಂ ನಟ್ಟಿಗೂ ಒಂದೇ ಪಾನಾ ಕೂರುತ್ತದೆ. ಸಣ್ಣ ಥ್ರೆಡ್ಡಿನ ಜಾತಿಯಾದರೆ ಇನ್ನೂ ಕಷ್ಟ. ಇಂಚಿನ ನಟ್ಟು ಎಂಎಂ ಬೋಲ್ಟಿನ ಮೇಲೆ ಸಲೀಸಾಗಿ ಹತ್ತಿಬಿಡುತ್ತದೆ, ಬಿಗಿಯಾದ ಹಾಗೂ ಅನ್ನಿಸುತ್ತದೆ. ಭಾರ ಬಿದ್ದಾಗ ಥ್ರೆಡ್ ಕಿತ್ತುಕೊಂಡು ಹೊರಗೆ ಬರುತ್ತದೆ. ಅದಕ್ಕೇ ಅಪ್ಪ ಗಿರಾಕಿ ತಂದ ಬೋಲ್ಟಿಗೆ ನಟ್ಟನ್ನು ಬೆರಳಿನಿಂದಲೇ ತಿರುಗಿಸಿ, ಅರ್ಧಕ್ಕೆ ನಿಲ್ಲಿಸಿ, ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಲಟಲಟ ಅಂದರೆ ನಟ್ಟು ವಾಪಸ್ ಡಬ್ಬಕ್ಕೆ. ಬೋಲ್ಟ್ ತಾರದವನಿಗೆ ಜಪ್ಪಯ್ಯ ಅಂದರೂ ನಟ್ಟಿಲ್ಲ. ಕಾಲೇಜು ಮುಗಿಸಿ ಗಲ್ಲಾದಲ್ಲಿ ಕೂರುತ್ತಿದ್ದ ನನಗೆ ಈ ಹಠ ನೋಡಿ ತಲೆ ಕೆಡುತ್ತಿತ್ತು. ಎದುರಿನ ಅಂಗಡಿಯವನು ಕೇಳಿದ್ದನ್ನು ಕೇಳಿದ ಹಾಗೆ ಪೊಟ್ಟಣ ಕಟ್ಟಿ ಕೊಡುತ್ತಿದ್ದ, ನಮ್ಮ ಗಿರಾಕಿಗಳು ಗೊಣಗುತ್ತ ಅಲ್ಲಿಗೇ ಹೋಗುತ್ತಿದ್ದರು.

ಅದಿರಿನ ಹುಚ್ಚು ಊರಿಗೆಲ್ಲ ಹಿಡಿದಿದ್ದ ಕಾಲ ಅದು. ಒಗೆದು ಹಾಕಿದ ಬಿಳಿ ಬಟ್ಟೆ ಸಂಜೆಯೊಳಗೆ ಕೆಂಪಾಗುತ್ತಿತ್ತು. ಅಣ್ಣನೂ ಅಂಗಡಿ ಬಿಟ್ಟು ಸೆಕೆಂಡ್ ಹ್ಯಾಂಡ್ ಟಿಪ್ಪರ್ ತಗೊಂಡ. ಸಂಡೂರಿನ ಗಣಿಯಿಂದ ನಮ್ಮೂರ ರೈಲ್ವೆ ಯಾರ್ಡಿಗೆ ಅದಿರು ಹೊಡೆಯುವ ಕೆಲಸ. ಅಪ್ಪನಿಗೆ ಅದು ಅಷ್ಟೇನೂ ಹಿಡಿಸಿರಲಿಲ್ಲ. ಆದರೂ ಗಾಡಿ ಮನೆ ಮುಂದೆ ಬಂದ ದಿನ ಅದರ ಕೆಳಗೆ ತೂರಿ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿ ಬಂದರು. "ಯಾರ್ಯಾರೋ ಏನೇನೋ ಹಾಕ್ಯಾರ ಇದಕ್ಕ. ಕೆಲವು ಇಂಚಿಂದು, ಕೆಲವು ಎಂಎಮ್ಮಿಂದು. ಹುಷಾರಪ್ಪ," ಅಂದರು. ಅಣ್ಣ ನಕ್ಕು, "ಗಾಡಿ ಓಡ್ತೈತಿಲ್ಲ, ಅಷ್ಟು ಸಾಕು ಬಿಡು," ಅಂದ.

ಒಂದು ಮಧ್ಯಾಹ್ನ ಅಣ್ಣನ ಫೋನ್ ಬಂತು. ಲೋಡ್ ಹೊತ್ತ ಗಾಡಿ ಸಂಡೂರಿನ ದಾರಿಯಲ್ಲಿ ನಿಂತುಬಿಟ್ಟಿದೆ. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೆ ಒಯ್ಯುವ ಉದ್ದನೆಯ ಶಾಫ್ಟ್ ಇರುತ್ತದಲ್ಲ, ಅದರ ಜೋಡಣೆಯ ನಟ್ಟುಗಳು ಸವೆದು ಉದುರಿವೆ. "ಹತ್ತೊಂಬತ್ತು ನಂಬರ್ ನಟ್ ಬೇಕು, ಈ ಕಡೆ ಬರೋ ಯಾವುದಾರ ಗಾಡಿಗೆ ಕೊಟ್ಟು ಜಲ್ದಿ ಕಳಿಸು." ನಾನು ಡಬ್ಬಕ್ಕೆ ಕೈ ಹಾಕಿದೆ. ಅಪ್ಪ ನನ್ನ ಕೈಯಿಂದ ಫೋನ್ ಕಸಿದುಕೊಂಡರು.

"ಬೋಲ್ಟ್ ಬಿಚ್ಚಿ ಕಳಿಸು. ನೋಡಿ ಕೊಡ್ತೀನಿ."

"ಇಲ್ಲಿ ಹಿಂದ ಸಾಲುಗಟ್ಟಿ ಗಾಡಿ ನಿಂತಾವಪ್ಪ, ಎಲ್ಲಾರೂ ಬಾಯಿಗೆ ಬಂದಂಗ ಬೈಯಾಕತ್ಯಾರ! ಮಗನಿಗೂ ಸ್ಯಾಂಪಲ್ ಬೇಕೇನು ನಿನಗ?"

"ಮಗ ಅಂತನೇ ಕೇಳಾಕತ್ತೀನಿ," ಅಂದರು ಅಪ್ಪ.

ಅಣ್ಣ ಫೋನ್ ಇಟ್ಟ. ಅವನಿಗೆ ಮೂಗಿನ ಮೇಲೇ ಸಿಟ್ಟು. ಅಲ್ಲೇ ರಸ್ತೆ ಬದಿಯ ತಗಡಿನ ಅಂಗಡಿಯಲ್ಲಿ ಹತ್ತೊಂಬತ್ತು ನಂಬರ್ ಕೇಳಿ, ಕೊಟ್ಟದ್ದನ್ನು ಹಾಕಿಕೊಂಡು ಹೊರಟ. ಬೋಲ್ಟು ಎಂಎಮ್ಮಿನದು, ಅಂಗಡಿಯವನು ಕೊಟ್ಟದ್ದು ಇಂಚಿನ ನಟ್ಟು. ಏರಿನಲ್ಲಿ ಶಾಫ್ಟ್ ಕಳಚಿ ಬಿತ್ತು. ಬೀಳುವಾಗ ಬ್ರೇಕಿನ ಗಾಳಿ ಪೈಪನ್ನೂ ಹರಿದು ಹಾಕಿತು. ಲೋಡಿನ ಗಾಡಿ ಹಿಂದಕ್ಕೆ ಉರುಳಿತು. ಕಣಿವೆಗೆ ಹೋಗಬಾರದೆಂದು ಅಣ್ಣ ಸ್ಟೇರಿಂಗ್ ತಿರುಗಿಸಿ ಗುಡ್ಡದ ಕಡೆಗೆ ಗುದ್ದಿಸಿದ. ಜೀವ ಉಳಿಯಿತು. ಬಲಗಾಲಿನ ಮಂಡಿ ಪುಡಿಪುಡಿಯಾಯಿತು.

ಆಸ್ಪತ್ರೆಯ ಮಂಚದ ಮೇಲೆ ಅವನು ಅಪ್ಪನ ಮುಖ ನೋಡದೆ ಒಂದೇ ಮಾತು ಅಂದ: "ನಿನ್ನ ಅಂಗಡಿಯಾಗ ಇತ್ತು. ನೀ ಕೊಡಲಿಲ್ಲ." ಅಷ್ಟೇ, ಅಪ್ಪನ ಜೊತೆ ಮಾತು ಬಿಟ್ಟ. ಕಾಲು ಎಳೆಯುತ್ತ ನಡೆಯುವಂತಾದ ಮೇಲೆ ಕಂಪ್ಲಿಗೆ ಹೋಗಿ ಅಕ್ಕಿ ಗಿರಣಿಯಲ್ಲಿ ತೂಕ ಹಾಕುವ ಕೆಲಸಕ್ಕೆ ಸೇರಿದ. ನಾನು ನೋಡಲು ಹೋದರೆ ಎಲ್ಲರ ಸುದ್ದಿ ಕೇಳುತ್ತಿದ್ದ, ಅಪ್ಪನದೊಂದು ಬಿಟ್ಟು. ಮನೆಯಲ್ಲಿ ಅಪ್ಪನದೂ ಅದೇ ಕತೆ. ಇಬ್ಬರದೂ ಒಂದೇ ರಕ್ತ, ಒಂದೇ ಹಠ.

ಅಪ್ಪ ಹಾಸಿಗೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸುತ್ತಿದ್ದೆ. ಇದ್ದಕ್ಕಿದ್ದ ಹಾಗೆ ನನ್ನ ಕೈ ಹಿಡಿದು ನಿಲ್ಲಿಸಿದರು. "ಯವ್ವಾ, ನಿಮ್ಮಣ್ಣಗ ಎರಡೂ ಥರದ್ದು ಕಳಿಸಬಹುದಿತ್ತಲ್ಲ ನಾನು? ಇಂಚಿಂದೊಂದಿಷ್ಟು, ಎಂಎಮ್ಮಿಂದೊಂದಿಷ್ಟು. ಅಲ್ಲೇ ಹಾಕಿ ನೋಡ್ತಿದ್ದ. ಇಷ್ಟು ಸಣ್ಣ ಮಾತು ಆವತ್ತು ತಲಿಗೆ ಹೊಳೀಲೇ ಇಲ್ಲ." ನನಗಾದರೂ ಹೊಳೆದಿತ್ತೇ? ಕಂಪ್ಲಿಗೆ ಫೋನ್ ಮಾಡುತ್ತೇನೆಂದು ಎದ್ದರೆ ತಡೆದರು. "ನೀ ಹೇಳಬ್ಯಾಡ. ಸ್ವಲ್ಪ ಗಟ್ಟಿ ಆಗ್ಲಿ, ನಾನೇ ಹೋಗಿ ಹೇಳ್ತೀನಿ." ಅವರು ಗಟ್ಟಿಯಾಗಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಣ್ಣ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ. ಅಪ್ಪನ ಆ ಮಾತನ್ನು ಇನ್ನು ನನ್ನಲ್ಲಿ ಇಟ್ಟುಕೊಳ್ಳಲಾರದೆ ಹೇಳಿಬಿಟ್ಟೆ. ಅವನು ಬಲಗಾಲಿನ ಮಂಡಿ ಸವರಿಕೊಂಡ.

"ಎರಡೂ ಕಳಿಸಿದ್ರೂ ನಾ ಆ ಇಂಚಿಂದನ್ನೇ ಹಾಕ್ತಿದ್ದೆ, ತಂಗಿ. ಅದು ಬೆರಳಿನಾಗ ಸರ್ರನೆ ಹತ್ತಿತ್ತು. ಅವಸರದವಂಗ ಸಲೀಸಾಗಿ ಹೋಗಿದ್ದೇ ಸರಿ ಅನಿಸ್ತೈತಿ. ಅಪ್ಪಂದೇನೂ ತಪ್ಪಿಲ್ಲ. ನನಗ ಮೊದಲಿಂದ್ಲೂ ಗೊತ್ತೈತಿ."

ಮೊದಲಿಂದಲೂ ಗೊತ್ತಂತೆ! ನನ್ನ ಮೈಯೆಲ್ಲ ಉರಿದುಹೋಯಿತು. "ಹಂಗಿದ್ರ ಒಂದಿನ ಬಂದು ಆ ಮಾತು ಹೇಳಾಕ ಏನಾಗಿತ್ತೋ ನಿನಗ?" ಎಂದು ಕೂಡಿದ ಜನರ ಮುಂದೆಯೇ ಕೂಗಿದೆ.

"ಕರೀತಾರಂತ ಕಾಯ್ತಿದ್ದೆ," ಅಂದ.

ಅವನು ಗೋಡೆಗೆ ಹಣೆ ಹಚ್ಚಿ ಅಳತೊಡಗಿದ. ಹೋಗಿ ಬೆನ್ನ ಮೇಲೆ ಕೈ ಇಡಬೇಕಿತ್ತು, ಇಡಲು ನನಗೆ ಮನಸ್ಸಾಗಲಿಲ್ಲ.