ಎಷ್ಟನೇ ರೊಟ್ಟಿಗೆ ದಣಿವು
ಸಿಂದಗಿಯ ಸಣ್ಣ ದವಾಖಾನೆಯೊಂದರ ಕಂಪೌಂಡರ್ ಗುರಣ್ಣನಿಗೆ 'ಭಾಳ' ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ಸಂಧಿವಾತದವರ ಬಾವು ಕಣ್ಣಿಗೆ ಕಾಣುತ್ತದೆ, ಜ್ವರವಿದ್ದರೆ ಥರ್ಮಾಮೀಟರ್ ಹೇಳುತ್ತದೆ; ದಣಿವನ್ನು ಅಳೆಯುವ ಸಾಮಾನು ಮಾತ್ರ ಯಾವ ಪೇಟೆಯಲ್ಲೂ ಸಿಗದ್ದರಿಂದ ಆತನೇ ಒಂದನ್ನು ಮಾಡಿಕೊಂಡಿದ್ದಾನೆ. ಯಾವ ಹೆಣ್ಣುಮಗಳು "ಭಾಳ ದಣಿವಾಗೈತ್ರಿ" ಎಂದರೂ, "ಭಾಳ ಅಂದ್ರ ಎಷ್ಟ ಯವ್ವಾ? ಎಷ್ಟನೇ ರೊಟ್ಟಿಗೆ ಕೈ ಸೋಲ್ತಾವ, ಅದನ್ನ ಹೇಳು" ಎಂದು ಗದರಿಸಿ, ಚೀಟಿಯ ಮೂಲೆಯಲ್ಲಿ ಆರು ಎಂದೋ ಒಂಬತ್ತು ಎಂದೋ ಬರೆಯುತ್ತಾನೆ. ಗಂಡಸರಾದರೆ ಎಷ್ಟನೇ ಸಾಲಿಗೆ ಎತ್ತು ನಿಲ್ಲಿಸಿದರೆಂದು ಹೇಳಲೇಬೇಕು. ಧಾರವಾಡದ ಕಡೆಯಿಂದ ಬಂದ ಡಾಕ್ಟರರು ಮೊದಮೊದಲು ನಕ್ಕರು, ಈಗ ಅವರೂ ನಾಡಿ ಹಿಡಿದುಕೊಂಡೇ "ರೊಟ್ಟಿ ಎಷ್ಟವ್ವಾ?" ಎನ್ನುತ್ತಾರೆ. ಒಮ್ಮೆ ಕನ್ನೊಳ್ಳಿಯ ಹೊನ್ನವ್ವ ಅತ್ತೆಯ ಎದುರಿಗೆ "ಇಪ್ಪತ್ರಿ" ಎಂದಳು. ಗುರಣ್ಣ ಔಷಧದ ಬಾಟಲಿ ತೊಳೆದು ತರಲು ಅತ್ತೆಯನ್ನು ಹೊರಗೆ ಕಳಿಸಿ, ಮತ್ತೆ ಕೇಳಿದ. ಆಕೆ ತಲೆ ತಗ್ಗಿಸಿ "ಎರಡ್ರಿ" ಎಂದಳು. ಎರಡು ಎಂದೇ ಬರೆದ. ಈ ಅಳತೆ ಎಲ್ಲಿ ಕಲಿತೆ ಎಂದು ಯಾರಾದರೂ ಕೇಳಿದರೆ ಮಾತ್ರ ಔಷಧದ ಗುಳಿಗೆ ಎಣಿಸುತ್ತ ಕುಳಿತುಬಿಡುತ್ತಾನೆ. ಆತನ ಹೆಂಡತಿ ರೇವವ್ವನಿಗೂ ಅದೇ ಸಂಧಿವಾತ, ಅದೇ ದಣಿವು. ದಿನಾ ಬೆಳಗ್ಗೆ ಬಾಗಿಲು ಮುಚ್ಚಿದ ಅವರ ಮನೆಯಿಂದ ರೊಟ್ಟಿ ಬಡಿಯುವ ಸದ್ದು ನಾಲ್ಕರವರೆಗೆ ಹಗುರಾಗಿ, ತಾಳಬದ್ಧವಾಗಿ ಬರುತ್ತದೆ. ಐದನೆಯದರಿಂದ ಕೈ ಬದಲಾಗಿ, ಒರಟಾಗಿ, ತಡವರಿಸುತ್ತ ಬರುತ್ತದೆ. ಅದು ಯಾರ ಕೈಯೆಂದು ಓಣಿಗೆಲ್ಲ ಗೊತ್ತು. ಆ ಹೊತ್ತಿನಲ್ಲಿ ಇದುವರೆಗೆ ಒಬ್ಬರೂ ಬಾಗಿಲು ತಟ್ಟಿಲ್ಲ.