‘ಹೋಗಿಬರುವೆ’ ಎಂಬ ಗುಂಡಿ

ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನನ್ನು ಬಲ್ಲವರು ಹೇಳುವುದುಂಟು. ಒಂದೇ ಒಂದು ಪದಕ್ಕಾಗಿ ಸ್ವೀಡನ್ನಿನ ಒಂದಿಡೀ ಚಳಿಗಾಲ ಜಗಳವಾಡಿದವಳ ಬಗ್ಗೆ ಇನ್ನೇನು ತಾನೇ ಹೇಳಿಯಾರು? ಆ ಜಗಳವನ್ನು ಈಗ ನೆನೆದರೆ ಹಿತವಾಗುತ್ತದೆ. ಪದಕ್ಕಾಗಿ ಅಷ್ಟು ಪ್ರೀತಿಯಿಂದ ಜಗಳ ಕಾಯುವವರು ನನಗೆ ಆಮೇಲೆ ಸಿಗಲಿಲ್ಲ.

ಆಗ ನಾನು ಸ್ಟಾಕ್‌ಹೋಮಿನ ಅಂಚಿನ ಕಿಸ್ಟಾದ ಒಂದು ಟೆಲಿಕಾಂ ಕಚೇರಿಯಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ವಾರವೆಲ್ಲ ಸಂಬಳದ ಕೆಲಸ, ಶನಿವಾರ ಸಂಬಳವಿಲ್ಲದ ಕೆಲಸ. ಲಿನಕ್ಸ್ ಎಂಬುದು ಯಾರು ಬೇಕಾದರೂ ಬಿಟ್ಟಿಯಾಗಿ ಕಂಪ್ಯೂಟರಿಗೆ ಹಾಕಿಕೊಳ್ಳಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ವ್ಯವಸ್ಥೆ. ಅದರ ಪರದೆಯನ್ನು ಕನ್ನಡಕ್ಕೆ ತರುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ಒಬ್ಬರು ‘ಕಡತ’ ಎಂದದ್ದನ್ನು ಇನ್ನೊಬ್ಬರು ‘ದಾಖಲೆ’ ಎನ್ನುತ್ತಿದ್ದರು, ಬಳಸುವವರು ಕಕ್ಕಾಬಿಕ್ಕಿಯಾಗುತ್ತಿದ್ದರು. ಆದ್ದರಿಂದ ಒಂದು ಇಂಗ್ಲಿಷ್ ಪದಕ್ಕೆ ಒಂದೇ ಕನ್ನಡ ಪದ ಎಂದು ಗೊತ್ತುಮಾಡಿ, ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಒಂದು ಪದಕೋಶ ಇಟ್ಟೆವು. ಅದರ ಉಸ್ತುವಾರಿ ನನ್ನದು. ಊರಿನಲ್ಲಿ ಕುಳಿತು ಇ-ಮೇಲ್ ಬರೆಯುವ ಇಬ್ಬರನ್ನು ಬಿಟ್ಟರೆ ನನ್ನ ಜೊತೆಗಿದ್ದವನು ಕಾರ್ಲ್‌ಸ್ಟಾಡಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಗದಗಿನ ಕಡೆಯ ಹುಡುಗ. ತಿಂಗಳಿಗೊಮ್ಮೆ ರೈಲು ಹತ್ತಿ ಸ್ಟಾಕ್‌ಹೋಮಿಗೆ ಬರುತ್ತಿದ್ದ. ಕಿಸ್ಟಾದ ಗ್ರಂಥಾಲಯದ ಕಿಟಕಿ ಪಕ್ಕದ ಮೇಜಿನಲ್ಲಿ, ನನ್ನ ಫ್ಲಾಸ್ಕಿನ ಕಾಫಿಯೊಂದಿಗೆ ನಮ್ಮ ಸಭೆ.

ಎಲ್ಲರೆದುರು ಅವನು ಅಚ್ಚುಕಟ್ಟಾದ ಬೆಂಗಳೂರು ಕನ್ನಡ ಮಾತಾಡುತ್ತಿದ್ದ. ಪದದ ವಿಷಯದಲ್ಲಿ ರೇಗಿದಾಗ ಮಾತ್ರ ಗದಗು ಹೊರಬರುತ್ತಿತ್ತು. ಲಿನಕ್ಸಿನ ಒಳಭಾಗವಾದ ಕರ್ನೆಲ್ಲಿಗೆ ‘ತಿರುಳು’, ಹೊರಭಾಗವಾದ ಶೆಲ್ಲಿಗೆ ‘ಚಿಪ್ಪು’ ಎಂದು ನಾನು ಬರೆದ ದಿನ, “ಅಕ್ಕ, ಇದು ಪದಕೋಶ ಅನ್ನಿಸ್ತಿಲ್ಲ, ಚಟ್ನಿಗೆ ಕಾಯಿ ಒಡೆದ ಹಾಗಿದೆ” ಎಂದು ನಯವಾಗಿಯೇ ಹೇಳಿದ. ನಾನು ಹಟ ಬಿಡದಿದ್ದಾಗ ‘ಅಕ್ಕ’ ಹೋಗಿ ‘ಅಕ್ಕಾರ’ ಬಂತು. “ಅಕ್ಕಾರ, ನೀವು ಮಂದಿ ಮಾತಾಡೂದು ಕೇಳೀರೇನ್ರಿ?” ಎಂದ. ಅವನ ಕನ್ನಡ ಎಷ್ಟು ಉತ್ತರಕ್ಕೆ ಹೋಗುತ್ತದೆ ಎಂಬುದರ ಮೇಲೆ ಆ ಪದ ಅವನಿಗೆ ಎಷ್ಟು ಮುಖ್ಯ ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ನಮ್ಮ ಪದಕೋಶದಲ್ಲಿ ಒಂದು ನಿಯಮವಿತ್ತು. ಅದನ್ನು ಮಾಡಿದವಳು ನಾನೇ, ಅದರ ಬಗ್ಗೆ ನನಗೆ ತುಸು ಜಂಬವೂ ಇತ್ತು. ಪರದೆಯ ಮೇಲಿನ ಗುಂಡಿ ಒತ್ತುವುದೆಂದರೆ ಮನುಷ್ಯ ಯಂತ್ರಕ್ಕೆ ಅಪ್ಪಣೆ ಕೊಡುವುದು. ಹಾಗಾಗಿ ಗುಂಡಿಗಳೆಲ್ಲ ಏಕವಚನ: ತೆರೆ, ಮುಚ್ಚು, ಉಳಿಸು, ಅಳಿಸು. ಯಂತ್ರ ಮನುಷ್ಯನಿಗೆ ಏನಾದರೂ ತಿಳಿಸುವಾಗ ಬಹುವಚನ: ದಯವಿಟ್ಟು ಕಾಯಿರಿ, ಗುಪ್ತಪದ ಕೊಡಿ. ಬಳಸುವವರಿಗೆ ಪದಕೋಶದವರು ಉತ್ತರ ಬರೆಯುವಾಗಲೂ ಬಹುವಚನವೇ. ಯಂತ್ರಕ್ಕೆ ಮರ್ಯಾದೆ ಬೇಡ, ಮನುಷ್ಯರಿಗೆ ಬೇಕು, ಅಷ್ಟೇ.

ಇಷ್ಟೆಲ್ಲ ಮಾಡುತ್ತಿದ್ದವಳ ಮನೆಯಲ್ಲಿ ಕನ್ನಡ ಇರಲಿಲ್ಲ. ಗಂಡನ ಮನೆಮಾತು ಬಂಗಾಳಿ. ನಮ್ಮಿಬ್ಬರ ನಡುವೆ ಇಂಗ್ಲಿಷು. ಮಗಳು ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ ಹೋಗತೊಡಗಿದ ಮೇಲೆ ಮೂರನೆಯದಾಗಿ ಸ್ವೀಡಿಷ್ ಬಂದು ಕುಳಿತಿತು, ಕುಳಿತದ್ದು ಏಳಲಿಲ್ಲ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಸ್ವೀಡಿಷಿನಲ್ಲಿ ಉತ್ತರಿಸುತ್ತಿದ್ದಳು. ಅರ್ಥವೆಲ್ಲ ಆಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಮಕ್ಕಳಿಗೆ ಶಾಲೆಯಲ್ಲಿ ಮನೆಮಾತು ಕಲಿಸಲು ಇಲ್ಲಿ ಕೊಮ್ಯೂನ್‌ನವರು, ಅಂದರೆ ನಗರಾಡಳಿತದವರು, ಮೇಷ್ಟರನ್ನು ಕೊಡುತ್ತಾರೆ. ನಾನೂ ಅರ್ಜಿ ಹಾಕಿದೆ. ಕನ್ನಡದ ಮಕ್ಕಳು ಸಾಲದು, ಕಲಿಸುವವರೂ ಇಲ್ಲ ಎಂದು ಸೌಜನ್ಯದ ಉತ್ತರ ಬಂತು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರಲ್ಲ, ಆ ಮಾತು ನನ್ನನ್ನು ಚುಚ್ಚತೊಡಗಿತು. ನನ್ನ ಮಗಳು ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಬೇಕು. ನನಗೆ ಆಗ ಇದ್ದ ಆಸೆ ಅದೊಂದೇ, ಅದಕ್ಕಾಗಿ ಏನು ಬೇಕಾದರೂ ಮಾಡಲು ತಯಾರಿದ್ದೆ.

ಮಾಡಿದ್ದು ಇಷ್ಟು: ನನ್ನ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಪರದೆಯನ್ನೆಲ್ಲ ಕನ್ನಡಕ್ಕೆ ತಿರುಗಿಸಿ ಅವಳಿಗೆ ಕೊಟ್ಟೆ. ಚಿತ್ರ ಬರೆಯಬೇಕಾದರೂ ಆಟ ಆಡಬೇಕಾದರೂ ಕನ್ನಡ ಓದಿಯೇ ಒತ್ತಬೇಕು. ಬೆಕ್ಕಿನ ಚಿತ್ರ ಅಳಿಸಿಹೋಗಬಾರದು ಎಂಬ ಒಂದೇ ಕಾರಣಕ್ಕೆ ಅವಳು ‘ಉಳಿಸು’ ಓದಲು ಕಲಿತಳು. ಅಕ್ಷರಗಳು ಒಂದೊಂದಾಗಿ ಬಂದವು. ‘ಳ’ ಮಾತ್ರ ಕೊನೆಗೂ ಬರಲಿಲ್ಲ. ಬಾಯಲ್ಲೂ ಬರಹದಲ್ಲೂ ‘ಲ’ ಒಂದೇ. ಬಾಳೆಹಣ್ಣು ಬಾಲೆಹಣ್ಣು, ಮಳೆ ಮಲೆ. ನಾನು ತಿದ್ದೀ ತಿದ್ದೀ ಸುಸ್ತಾದೆ.

ಅವಳ ಬಾಯಿಂದ ಕನ್ನಡ ಉದುರತೊಡಗಿತು, ಆದರೆ ಗುಂಡಿಗಳ ಕನ್ನಡ. ಊಟ ಬೇಡವಾದರೆ “ರದ್ದುಮಾಡು!”. ಬಾಗಿಲ ಹೊರಗೆ ನಿಂತು “ತೆರೆ!”. ಪಾಯಸ ನಾಳೆಗೂ ಬೇಕಾದರೆ “ಉಲಿಸು, ಉಲಿಸು!”. ನನಗೆ ಹಾಲು ಕುಡಿದಷ್ಟು ಸಂತೋಷ. ಇಡೀ ದಿನ ಅಪ್ಪಣೆ ಮಾಡಿಸಿಕೊಂಡು ಓಡಾಡಿದೆ.

ಆ ಸಂತೋಷ ಕೆಟ್ಟದ್ದು ಒಂದು ದೀಪಾವಳಿಯ ಭಾನುವಾರ. ಗದಗಿನ ಹುಡುಗ ಊಟಕ್ಕೆ ಬಂದಿದ್ದ. ಕತ್ತಲಾಗುವ ಮುಂಚೆ ರೈಲು ಹಿಡಿಯಬೇಕೆಂದು ಎದ್ದು, ಬಾಗಿಲ ಬಳಿ ಕೋಟು ತೊಟ್ಟು, ಬಗ್ಗಿ ಬೂಟಿನ ಲಾಡಿ ಕಟ್ಟುತ್ತಿದ್ದ. ಮಗಳು ಓಡಿ ಬಂದು ಅವನ ಮುಂದೆ ನಿಂತು, ಮುಖವೆಲ್ಲ ನಗುತ್ತ, ಜೋರಾಗಿ ಹೇಳಿದಳು:

“ನಿರ್ಗಮಿಸು!”

ನಾನು ನಾಚಿಕೆಯಿಂದ ನೆಲಕ್ಕಿಳಿದುಹೋದೆ. ಅವಳ ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ಲಾಗ್ ಔಟ್ ಎಂಬುದಕ್ಕೆ ನಾವು ಇಟ್ಟಿದ್ದ ಪದ ಅದೇ. ಆಟ ಮುಗಿಸಿ ಹೋಗುವಾಗ ‘ನಿರ್ಗಮಿಸು’ ಒತ್ತಬೇಕು, ಊಟ ಮುಗಿಸಿ ಹೋಗುವವರಿಗೆ ‘ನಿರ್ಗಮಿಸು’ ಹೇಳಬೇಕು. ಅವನು ಬೂಟು ಅಲ್ಲೇ ಬಿಟ್ಟು ನೆಲದ ಮೇಲೆ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನನ್ನ ಕಡೆ ತಿರುಗಿದ. ನಗು ಹೋಗಿತ್ತು, ಗದಗು ಬಂದಿತ್ತು.

“ಅಕ್ಕಾರ, ಮನಿಗೆ ಬಂದವ್ರಿಗೆ ಹಿಂಗಂದ್ರ ನಮ್ಮ ಕಡೆ ಮುಂದ ಆ ಮನಿ ಹೊಸ್ತಿಲಾ ತುಳಿಯೂದಿಲ್ಲ ನೋಡ್ರಿ. ಇದು ಕೂಸಿನ ತಪ್ಪಲ್ಲ, ನಮ್ಮ ತಪ್ಪು.”

ಅವಳನ್ನು ಹತ್ತಿರ ಕರೆದು ಹೇಳಿದ: “ನೋಡವ್ವಾ, ಹೋಗಾವ್ರು ‘ಹೋಗ್ತೀನಿ’ ಅನ್ನಬಾರದು. ‘ಹೋಗಿ ಬರ್ತೀನಿ’ ಅನ್ನಬೇಕು. ಉಳಿದಾವ್ರು ‘ಹೋಗಿ ಬಾ’ ಅನ್ನಬೇಕು. ತಿಳೀತಿಲ್ಲೋ?”

“ವಾಪಸ್ ಬರದಿದ್ದರೆ?” ಎಂದು ಅವಳು ಸ್ವೀಡಿಷಿನಲ್ಲಿ ಕೇಳಿದಳು. ನಾನು ಅನುವಾದಿಸಿದೆ.

“ಅದಕ್ಕಽ ಅನ್ನೂದವ್ವಾ, ಬರಲಿ ಅಂತ” ಎಂದ ಅವನು.

ಮರುದಿನವೇ ಅವನ ಇ-ಮೇಲ್ ಬಂತು. ‘ನಿರ್ಗಮಿಸು’ ತೆಗೆಯಬೇಕು, ‘ಹೋಗಿಬರುವೆ’ ಹಾಕಬೇಕು ಎಂದು. ನಾನು ಒಪ್ಪಲಿಲ್ಲ. ಗುಂಡಿಗಳೆಲ್ಲ ಅಪ್ಪಣೆ, ಇದೊಂದು ಮಾತ್ರ ಬೀಳ್ಕೊಡುಗೆಯೇ? ‘ಪ್ರವೇಶಿಸು’ ಒಂದು ಕಡೆ, ‘ಹೋಗಿಬರುವೆ’ ಇನ್ನೊಂದು ಕಡೆ, ಜೋಡಿಗೆ ಅಂದವೇ? ಅವನು ಬರೆದ: ಯಂತ್ರವನ್ನು ನಾವು ಹೊರಗೆ ಹಾಕುತ್ತಿಲ್ಲ, ಹೋಗುವವರು ನಾವು, ಹೇಳಿ ಹೋಗುವುದು ನಮ್ಮ ಪದ್ಧತಿ. ಊರಿನವರು ಇಬ್ಬರೂ ನನ್ನ ಪಕ್ಷ. ಕ್ರಿಸ್‌ಮಸ್ ಬಂತು, ಹೋಯಿತು, ಮೆಲಾರೆನ್ ಸರೋವರ ಹೆಪ್ಪುಗಟ್ಟಿತು, ಜಗಳ ಮಾತ್ರ ಬಿಸಿಯಾಗಿಯೇ ಇತ್ತು. ಗ್ರಂಥಾಲಯದಲ್ಲಿ ಪಕ್ಕದ ಮೇಜಿನ ಅಜ್ಜಿಯೊಬ್ಬರು ತುಟಿಯ ಮೇಲೆ ಬೆರಳಿಟ್ಟು ನಮ್ಮನ್ನು ನೋಡಿದ್ದೂ ಆಯಿತು. ನಮ್ಮನ್ನು ಗಂಡಹೆಂಡಿರು ಎಂದುಕೊಂಡಿರಬೇಕು.

ಕೊನೆಗೆ ನಾನು ಸೋತದ್ದು ತರ್ಕಕ್ಕಲ್ಲ. ಪರೀಕ್ಷೆಗೆಂದು ಅವನು ಮಗಳ ಲ್ಯಾಪ್‌ಟಾಪಿನಲ್ಲಿ ಆ ಒಂದು ಗುಂಡಿಯನ್ನು ಬದಲಿಸಿ ಹೋದ. ಅಂದು ಸಂಜೆ ಅವಳು ಆಟ ಮುಗಿಸಿ, ಗುಂಡಿಯನ್ನು ಬೆರಳಿಟ್ಟು ಓದಿ, ಲ್ಯಾಪ್‌ಟಾಪಿಗೆ ಹೇಳಿದಳು: “ಹೋಗಿಬರುವೆ.” ಹೇಳಿ ಮುಚ್ಚಳ ಮುಚ್ಚಿದಳು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತೇ ಇದ್ದೆ. ಅಪ್ಪಣೆಯಲ್ಲದ ಮೊದಲ ಕನ್ನಡ ಮಾತು ಅವಳ ಬಾಯಲ್ಲಿ. ಸರಿ, ಹಾಕಪ್ಪಾ ಎಂದು ಬರೆದೆ.

ಆಮೇಲೆ ದಿನವೂ ಸಂಜೆ ಆ ಮಾತು ಕೇಳುತ್ತಿತ್ತು. ಆದರೆ ಅದು ಲ್ಯಾಪ್‌ಟಾಪಿಗೆ. ನನಗೆ ಮಲಗುವಾಗ ಸ್ವೀಡಿಷಿನಲ್ಲಿ ಶುಭರಾತ್ರಿ, ಶಾಲೆಗೆ ಹೋಗುವಾಗ “ಹೇ ದೋ, ಮಮ್ಮಾ”, ಅಂದರೆ ಬೈ ಅಮ್ಮ. ಒಂದು ಹಳೆಯ ಡಬ್ಬದ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ನಗಬೇಡಿ, ನಿಜವಾಗಿಯೂ ಆಗುತ್ತಿತ್ತು.

ವರ್ಷಗಳು ಹೋದವು. ಗದಗಿನ ಹುಡುಗ ಪಿಎಚ್‌ಡಿ ಮುಗಿಸಿ ಸ್ಟಾಕ್‌ಹೋಮಿನ ಪಕ್ಕದ ಸೋಡರ್‌ಟೆಲ್ಯೆಯಲ್ಲಿ ಟ್ರಕ್ ತಯಾರಿಸುವ ಕಡೆ ಕೆಲಸಕ್ಕೆ ಸೇರಿದ. ಮದುವೆ, ಮನೆ, ಅವಳಿಜವಳಿ. ಕಾರ್ಲ್‌ಸ್ಟಾಡಿನಿಂದ ಬರುತ್ತಿದ್ದವನು ಇಷ್ಟು ಹತ್ತಿರ ಬಂದ ಮೇಲೆ ಬರುವುದೇ ನಿಂತಿತು. ಗ್ರಂಥಾಲಯದ ಆ ಮೇಜಿಗೆ ನಾನೊಬ್ಬಳೇ ಕೆಲವು ಶನಿವಾರ ಹೋದೆ. ಫ್ಲಾಸ್ಕಿನ ಕಾಫಿ ಒಬ್ಬಳಿಗೆ ಹೆಚ್ಚಾಗುತ್ತಿತ್ತು. ಮಗಳ ಕೈಗೆ ಫೋನು ಬಂತು, ಫೋನಿಗೆ ಸ್ವೀಡಿಷ್ ಬಂತು. ಹಳೆಯ ಲ್ಯಾಪ್‌ಟಾಪ್ ಒಂದು ದಿನ ಏಳಲೇ ಇಲ್ಲ. ಅವಳ ಕನ್ನಡವೂ ಅದರ ಜೊತೆಗೇ ಹೋಯಿತು ಎಂದುಕೊಂಡೆ.

ಈಚೆಗೆ ಪದಕೋಶಕ್ಕೆ ಬೆಂಗಳೂರಿನ ಹೊಸ ಹುಡುಗರು ಬಂದಿದ್ದಾರೆ. ಒಳ್ಳೆಯವರು, ಶ್ರದ್ಧೆಯವರು, ನನ್ನ ನಿಯಮಗಳನ್ನು ನನಗಿಂತ ಚೆನ್ನಾಗಿ ಬಲ್ಲವರು. ಅವರಲ್ಲಿ ಒಬ್ಬ ಕಳೆದ ವರ್ಷ ಪಟ್ಟಿಯನ್ನೆಲ್ಲ ಜರಡಿ ಹಿಡಿದು, “ಮೇಡಂ, ‘ಹೋಗಿಬರುವೆ’ ನಿಯಮಕ್ಕೆ ಹೊಂದಲ್ಲ. ‘ನಿರ್ಗಮಿಸು’ ಮಾಡೋಣ” ಎಂದ. ಈ ಸಲ ಗದಗಿನವನ ವಾದವನ್ನೆಲ್ಲ ನಾನೇ ಮಾಡಿದೆ. ಹೇಳಿ ಹೋಗುವ ಪದ್ಧತಿ, ಬರಲಿ ಎಂಬ ಹಾರೈಕೆ, ಎಲ್ಲ.

“ಅದೆಲ್ಲ ಸರಿ ಮೇಡಂ. ಆದ್ರೆ ಬಳಸೋರು ಯಾರಾದ್ರೂ ಇದೇ ಬೇಕು ಅಂತ ಕೇಳಿದಾರಾ?”

ಯಾರೂ ಕೇಳಿರಲಿಲ್ಲ. ನಾನು ಬಲ್ಲ ಬಳಕೆದಾರಳು ಒಬ್ಬಳೇ, ಅವಳೂ ಬಿಟ್ಟಿದ್ದಳು. ಮತಕ್ಕೆ ಹಾಕಿದರು, ನಾನು ಒಂಟಿಯಾದೆ. ನಾನೇ ತೋಡಿದ ಗುಂಡಿಗೆ ನಾನೇ ಬಿದ್ದೆ. ಹೊಸ ಆವೃತ್ತಿಯಲ್ಲಿ ‘ನಿರ್ಗಮಿಸು’ ಬಂದು ಕುಳಿತಿತು.

ಆ ವರ್ಷದ ಬೇಸಿಗೆಯ ಕೊನೆಗೆ ಮಗಳು ಓದಲು ಮನೆ ಬಿಟ್ಟಳು. ಕಾರ್ಲ್‌ಸ್ಟಾಡಿಗೇ. ನನ್ನ ಕಚೇರಿಯವರು ಮಾರಿದ ಹಳೆಯ ಲ್ಯಾಪ್‌ಟಾಪೊಂದನ್ನು ಕೊಂಡು ಕೊಟ್ಟಿದ್ದೆ. ಅದಕ್ಕೆ ಏನು ಹಾಕಿಕೊಂಡಳೋ, ಯಾವ ಭಾಷೆಗೆ ತಿರುಗಿಸಿದಳೋ ಕೇಳಲಿಲ್ಲ. ಕೇಳಿ ‘ಸ್ವೀಡಿಷ್’ ಎನ್ನಿಸಿಕೊಳ್ಳುವ ಧೈರ್ಯ ಇರಲಿಲ್ಲ. ಸ್ಟೇಷನ್ನಿನಲ್ಲಿ ಅಪ್ಪಿಕೊಂಡು “ಹೇ ದೋ, ಮಮ್ಮಾ” ಎಂದು ರೈಲು ಹತ್ತಿದಳು. “ಹೋಗಿ ಬಾ” ಎಂದೆ. ಅಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಮನೆಗೆ ಬಂದು ಅವಳ ಕೋಣೆಯಲ್ಲಿ ಕುಳಿತು ಅತ್ತೆ. ಮಗಳು ದೂರವಾದಳೆಂದು ಅಳು, ಇಷ್ಟು ವರ್ಷದಲ್ಲಿ ಒಂದು ವಾಕ್ಯವನ್ನೂ ಅವಳ ಕೈಗೆ ಕೊಡಲಾಗಲಿಲ್ಲವಲ್ಲ ಎಂದು ಇನ್ನಷ್ಟು ಅಳು.

ಅಕ್ಟೋಬರಿನ ಒಂದು ಮಧ್ಯಾಹ್ನ ಕಚೇರಿಯಲ್ಲಿ ಎಲ್ಲರೂ ಫೀಕಾಕ್ಕೆ, ಅಂದರೆ ಕಾಫಿ ಬನ್ನು ಹರಟೆಗೆ ಕೂತಿದ್ದೆವು. ಪದಕೋಶದ ಪ್ರತಿ ಪದದ ಕೆಳಗೂ ಬಳಸುವವರು ಆಕ್ಷೇಪಣೆ ಬರೆಯಲು ಜಾಗವಿದೆ. ಯಾರೂ ಬರೆಯುವುದಿಲ್ಲ. ಅಂದು ಯಾರೋ ಬರೆದಿದ್ದಾರೆಂದು ನನ್ನ ಫೋನು ಗುಂಯ್‌ಗುಟ್ಟಿತು. ‘ನಿರ್ಗಮಿಸು’ ಪದದ ಕೆಳಗೆ ಹೀಗಿತ್ತು:

“ಈ ಪದ ತಪ್ಪು. ನಮ್ಮ ಮನೆಯಲ್ಲಿ ಹೀಗೆ ಹೇಲುವುದಿಲ್ಲ. ನಿರ್ಗಮಿಸು ಅಂದರೆ ಹೊರಗೆ ಹೋಗು. ನಾನು ಹೊರಗೆ ಹೋಗಿಲ್ಲ. ನಾನು ಹೋಗಿ ಬರುವೆ. ಹಲೆಯ ಗುಂಡಿ ವಾಪಸ್ ಕೊಡು.”

‘ಹೇಲುವುದಿಲ್ಲ’ ಎಂಬಲ್ಲಿ ನಾನು ಕಾಫಿ ಉಗುಳುವಷ್ಟು ನಕ್ಕೆ. ಕನ್ನಡ ನಾಡಿನ ಯಾವ ಮನೆಯಲ್ಲೂ ಹಾಗೆ ಮಾಡುವುದಿಲ್ಲ, ಮಗಳೇ! ನಗು ನಿಲ್ಲುವ ಮೊದಲೇ ಕಣ್ಣು ತುಂಬಿತು. ಆ ‘ಲ’ ಯಾರದೆಂದು ನನಗೆ ಬೇರೆ ಗುರುತು ಬೇಕಿರಲಿಲ್ಲ. ಏನಾಯಿತು ಎಂದು ಸಹೋದ್ಯೋಗಿಗಳು ಕೇಳಿದರು. ಮಗಳ ಕಾಗದ ಬಂತು ಎಂದೆ.

ಉತ್ತರ ಬರೆಯಬೇಕಾದದ್ದು ಉಸ್ತುವಾರಿಯವಳು. ‘ತಮ್ಮ ಆಕ್ಷೇಪಣೆಯನ್ನು ಸ್ವೀಕರಿಸಲಾಗಿದೆ’ ಎಂದು ಶುರುಮಾಡಿ ಅಳಿಸಿದೆ. ಮತ್ತೆ ಬರೆದೆ: “ಒಬ್ಬ ಬಳಕೆದಾರಳು ಕೇಳಿದ್ದಾಳೆ. ಹಳೆಯ ಗುಂಡಿ ವಾಪಸ್ ಬರುತ್ತದೆ. ನೀನೂ ರಜಕ್ಕೆ ಬಾ. ಊಟ ಮಾಡಿದೆಯಾ?”

ಬೆಂಗಳೂರಿನ ಹುಡುಗ ಎಷ್ಟು ಚುರುಕು ಎಂದರೆ ನನ್ನ ಬನ್ನು ಮುಗಿಯುವ ಮೊದಲೇ ಅದರ ಕೆಳಗೆ ಬರೆದ: “ಮೇಡಂ, ಬಳಕೆದಾರರನ್ನು ಬಹುವಚನದಲ್ಲೇ ಸಂಬೋಧಿಸಬೇಕು ಎಂಬ ನಿಯಮವಿದೆ. ದಯವಿಟ್ಟು ತಿದ್ದಿ.”

ನಿಯಮ ನನ್ನದೇ, ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕಾರ್ಲ್‌ಸ್ಟಾಡಿನಿಂದ ಇನ್ನೊಂದು ಸಾಲು ಬಂದು ಅವನ ಮಾತಿನ ಕೆಳಗೆ ಕುಳಿತಿತು:

“ಪರವಾಗಿಲ್ಲ. ಅವಲು ನನ್ನ ಅಮ್ಮ.”