ಗಾಯದಮ್ಮನಿಗೆ ಪಟ್ಟಿ ಕಟ್ಟಿದ ಅಮ್ಮಣಿ

ಸೀತಾಂಗೋಳಿಯಲ್ಲಿ ಬಸ್ಸಿಳಿದು ಗುಡ್ಡ ಹತ್ತಿದರೆ ಗಾಯದಮ್ಮನ ಕಟ್ಟೆ. ಸೂರಿಲ್ಲ, ಬಾಗಿಲಿಲ್ಲ, ಮೊಣಕಾಲೆತ್ತರದ ಒಂದು ಕರಿಕಲ್ಲು, ಅಷ್ಟೆ. ಆದರೆ ಆ ಕಲ್ಲಿನ ಕತೆಯನ್ನು ಅಮ್ಮಣಿಯ ಬಾಯಲ್ಲಿ ಕೇಳಬೇಕು! ಬೀಡಿ ಕಟ್ಟುತ್ತ ಕೂತವಳು ಎಲೆ, ಹೊಗೆಸೊಪ್ಪು ತುಂಬಿದ ಮಡಿಲಿನ ತಡಪೆಯನ್ನು ಬದಿಗೆ ಸರಿಸಿ, ಎದ್ದು ನಿಂತು, ಎರಡೂ ಕೈ ಬೀಸಿ ಹೇಳುತ್ತಿದ್ದಳು.

ಅವಳ ಅಜ್ಜಿಯ ಅಜ್ಜಿ ಗುಡ್ಡದಲ್ಲಿ ಹುಲ್ಲು ಕೊಯ್ಯುತ್ತಿದ್ದಳಂತೆ. ಕತ್ತಿ ಮಸೆಯಲು ಆ ಕಲ್ಲಿಗೆ ಉಜ್ಜಿದ್ದೇ ತಡ, ಚಿಲ್ಲೆಂದು ನೆತ್ತರು! ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬುದ್ಧಿ ಹೇಳುತ್ತಿದ್ದರು. ಈ ಅಜ್ಜಿ ಉಟ್ಟ ಸೀರೆಯ ಸೆರಗು ಹರಿದು, ಕಲ್ಲಿಗೆ ಪಟ್ಟಿ ಕಟ್ಟಿ, "ತುಂಬ ನೋವಾಯ್ತಾ ಮಗಾ?" ಎಂದು ಕೇಳಿದಳು. ಕಲ್ಲಿನೊಳಗಿನ ದೇವಿಗೆ ಆ ಮಾತೇ ಹಿಡಿಸಿಬಿಟ್ಟಿತು. ದೇವರಿಗೆ ಕೈಮುಗಿಯುವವರು ನೂರು ಮಂದಿ, ನೋವಾಯಿತೇ ಎಂದವಳು ನೀನೊಬ್ಬಳೇ, ವರ್ಷಕ್ಕೊಮ್ಮೆ ಬಂದು ಕಟ್ಟು ಎಂದಳು.

ಅಂದಿನಿಂದ ತುಲಾ ಸಂಕ್ರಮಣದ ಬೆಳಿಗ್ಗೆ ಆ ಮನೆಯ ಹೆಣ್ಣು ಮೈಮೇಲಿನ ಸೀರೆಯಿಂದಲೇ ಪಟ್ಟಿ ಹರಿದು ಕಟ್ಟಿ, ನೋವಾಯಿತೇ ಎಂದು ಕೇಳಬೇಕು. ತಾಯಿ ತೀರಿಕೊಂಡ ಮೇಲೆ, ಹತ್ತೊಂಬತ್ತನೆಯ ವಯಸ್ಸಿನಿಂದ, ಅದು ಅಮ್ಮಣಿಯ ಕೆಲಸ. ಮದುವೆಯಾಯಿತು, ಗಂಡ ಹೋದ, ಮಗಳು ಕುಂಜತ್ತೂರಿನ ಸೊಸೆಯಾದಳು. ಅಮ್ಮಣಿ ಒಂದು ವರ್ಷವೂ ತಪ್ಪಿಸಲಿಲ್ಲ. "ಉಳಿದ ದಿನ ನಾನು ಬೀಡಿ ಅಮ್ಮಣಿ ಮಾರಾಯ್ರೆ, ಆ ಒಂದು ದಿನ ದೇವರ ಡಾಕ್ಟ್ರು!" ಎಂದು ನಗುತ್ತಿದ್ದಳು. ಆ ಒಂದು ದಿನವೇ ಅವಳ ಇಡೀ ವರ್ಷವಾಗಿತ್ತು.

ತೊಂಬತ್ತಮೂರನೇ ಇಸವಿಯಲ್ಲಿ ಕಟ್ಟೆಗೆ ಸಮಿತಿ ಬಂತು, ಸಮಿತಿಗೆ ಮೈಕು ಬಂತು. ಕಾರ್ಯದರ್ಶಿ ಜನಾರ್ದನ ಅವಳ ಜಗಲಿಗೆ ಬಂದು ಕೂತ.

"ಅಮ್ಮಣಿಯಕ್ಕ, ಈ ಸಲ ನಮ್ಮ ಹರಿನಾಥ ದುಬಾಯಿಂದ ದುಡ್ಡು ಕಳಿಸಿ ರೇಷ್ಮೆ ಪಟ್ಟಿ ಮಾಡಿಸಿದ್ದಾನೆ. ಉಟ್ಟ ಬಟ್ಟೆ ದೇವರಿಗೆ ಮೈಲಿಗೆ ಅಲ್ವಾ?"

"ಇಷ್ಟು ವರ್ಷ ಆಗದ ಮೈಲಿಗೆ ಈಗ ಎಂತದ್ದು? ಇರ್ಲಿ, ಕಟ್ಟುವವಳು ನಾನೇ ಅಲ್ವಾ?"

"ಅದು... ನೋಡುವ. ಹರಿನಾಥನ ಅಮ್ಮ ವಸುಮತಿಯಕ್ಕನೂ ಬರ್ತಾರೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟು ಜನಾರ್ದನ ಜಾರಿಕೊಂಡ. ಅಮ್ಮಣಿ ಕೆಂಡಾಮಂಡಲವಾದಳು. ಮೂರು ದಿನ ಅತ್ತಳು, ನಾಲ್ಕನೆಯ ದಿನ ಕುಂಬಳೆಗೆ ಹೋಗಿ ಗಿಳಿಹಸಿರಿನ ಹೊಸ ನೂಲಿನ ಸೀರೆ ತಂದಳು. ಕಟ್ಟಲು ಬಿಡದಿದ್ದರೆ ಬೇಡ, ಹರಕು ಬಟ್ಟೆಯವಳು ಎಂದು ಯಾರೂ ಅನ್ನಬಾರದು! ಸಂಕ್ರಮಣದ ದಿನ ಅದನ್ನುಟ್ಟು ಎಲ್ಲರಿಗಿಂತ ಮುಂದೆ ಹೋಗಿ ನಿಂತಳು.

ಕಲ್ಲಿಗೆ ಎಣ್ಣೆ ಎರೆದಾಯಿತು. ವಸುಮತಿಯಕ್ಕ ಜರಿಯಂಚಿನ ಸೀರೆಯಲ್ಲಿ ಕಟ್ಟೆ ಏರಿ ರೇಷ್ಮೆ ಪಟ್ಟಿಯನ್ನು ಸುತ್ತಿ ಗಂಟು ಹಾಕಿದರು. ಸರ್ರನೆ ಜಾರಿತು. ಮತ್ತೆ ಕಟ್ಟಿದರು, ಮತ್ತೆ ಜಾರಿತು. ಮೂರನೆಯ ಸಲ ಜನಾರ್ದನನೇ ಬಗ್ಗಿ ಬಿಗಿಯಾಗಿ ಎಳೆದ. ಪಟ್ಟಿ ಕೈಗೆ ಬಂತು, ಅವನು ಧೊಪ್ಪೆಂದು ಕೂತ.

"ಎಣ್ಣೆ ಜಾಸ್ತಿ ಆಯ್ತು," ಎಂದ ಅವನು. ಆ ಮಾತು ಮೈಕಿನಲ್ಲಿ ಗುಡ್ಡಕ್ಕೆಲ್ಲ ಕೇಳಿತು.

"ಕುಣಿಯಲಾರದವನಿಗೆ ಅಂಗಳ ಡೊಂಕು!" ಎಂದಳು ಅಮ್ಮಣಿ. ಅವಳಿಗೆ ನಗು ತಡೆಯಲಿಲ್ಲ. ಅವಳು ನಕ್ಕದ್ದು ನೋಡಿ ಪಕ್ಕದವಳು ನಕ್ಕಳು, ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಕೊನೆಗೆ ವಸುಮತಿಯಕ್ಕನೇ ಹೊಟ್ಟೆ ಹಿಡಿದುಕೊಂಡು ಕರೆದರು:

"ನೀನೇ ಬಾ ಮಾರಾಯ್ತಿ! ಈ ದೇವಿಗೆ ನಮ್ಮ ಕೈ ಆಗುದಿಲ್ಲ."

ಅಮ್ಮಣಿ ಹಾರಿಕೊಂಡೇ ಕಟ್ಟೆ ಏರಿದಳು. ಸೆರಗಿಗೆ ಕೈ ಹಾಕಿದಾಗಲೇ ನೆನಪಾದದ್ದು. ಅಯ್ಯೋ, ಇದು ಹೊಸತು! ಇನ್ನೂ ಒಂದು ನೀರು ಕಾಣದ ಸೀರೆ! ಮೈಮೇಲಿನದ್ದೇ ಆಗಬೇಕು, ಮೈಮೇಲೆ ಇರುವುದು ಇದೊಂದೇ. ಒಂದು ಗಳಿಗೆ ಕಲ್ಲನ್ನು ನೋಡಿದಳು, ಒಂದು ಗಳಿಗೆ ಸೆರಗನ್ನು ನೋಡಿದಳು. ಆಮೇಲೆ ಅಂಚನ್ನು ಹಲ್ಲಿಗೆ ಕೊಟ್ಟು ಪರ್ರನೆ ಹರಿದೇಬಿಟ್ಟಳು. ದಿನಕ್ಕೆ ಸಾವಿರ ಬೀಡಿಗೆ ನೂಲು ಸುತ್ತುವ ಬೆರಳು. ನೂಲಿನ ಬಟ್ಟೆ ಎಣ್ಣೆ ಕುಡಿದು ಕಲ್ಲಿಗೆ ಅಂಟಿಕೊಂಡಿತು, ಗಂಟು ಅಲುಗಲಿಲ್ಲ.

ಅವಳು ಕಲ್ಲಿನ ಹತ್ತಿರ ಬಾಗಿ ಕೇಳಬೇಕಾದ ಮಾತನ್ನು ಕೇಳಿ ಮುಗಿಸಿದ್ದಷ್ಟೆ, ಪಕ್ಕದಲ್ಲಿ ಇನ್ನೊಮ್ಮೆ ಪರ್ರ್ ಎಂದಿತು. ತಿರುಗಿ ನೋಡಿದರೆ ವಸುಮತಿಯಕ್ಕ! ಉಟ್ಟ ಬೆಲೆಬಾಳುವ ಸೀರೆಯ ಜರಿಯಂಚು ಕೈಯಲ್ಲಿ.

"ನನ್ನದೂ ಒಂದು ತುಂಡು ಸೇರಿಸು ಅಮ್ಮಣಿ. ನಾನು ಹರಕೆ ಹೇಳಿದ್ದೇನೆ, ಕಾಣಿಕೆ ಹಾಕಿದ್ದೇನೆ, ಒಂದು ಸಲವೂ ಇವಳಿಗೆ ಹೇಗುಂಟು ಅಂತ ಕೇಳ್ಲಿಲ್ಲ."

ಹಿಂದಿನಿಂದ ಅಪ್ಪಿ ಎಂಬ ಮುದುಕಿ, "ನಂದು ಬೇಡ್ವಾ?" ಎಂದು ನುಗ್ಗಿದಳು. ಆಮೇಲೆ ಹಿಡಿಯುವವರಿಲ್ಲ! ಎಲ್ಲಿ ನೋಡಿದರೂ ಪರ್ರ್, ಪರ್ರ್. ಕೆಂಪು, ಹಳದಿ, ಹೂವಿನದ್ದು, ಚೌಕಳಿಯದ್ದು. "ದಯವಿಟ್ಟು ಯಾರೂ ಸೀರೆ ಹರಿಯಬಾರದು," ಎಂದು ಜನಾರ್ದನ ಮೈಕಿನಲ್ಲಿ ಅಂಗಲಾಚಿದ. ಆಗಲಿಲ್ಲ, ಕೊನೆಗೆ ತನ್ನ ಹೆಗಲ ಶಾಲಿನ ತುದಿಯನ್ನೇ ಹರಿದು ಸಾಲಿನಲ್ಲಿ ನಿಂತ.

ಅಮ್ಮಣಿ ಕಟ್ಟಿದಳು, ಕಟ್ಟಿದಳು, ಬೆರಳು ಸೋಲುವವರೆಗೂ ಕಟ್ಟಿದಳು. ಪ್ರತಿಯೊಬ್ಬರೂ ಬಗ್ಗಿ ನೋವಾಯಿತೇ ಎಂದು ಕೇಳಿ ಹೋದರು. ಕಲ್ಲು ಕಾಣದಷ್ಟು ಬಣ್ಣದ ಬಟ್ಟೆ ಆದಾಗ ಅವಳು ಹರಿದ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಗುತ್ತ ಅಳುತ್ತ, ಅಲ್ಲೇ ಕೂತುಬಿಟ್ಟಳು.

"ಇಷ್ಟು ಜನ ಕೇಳಿದ ಮೇಲೆ ಇವಳಿಗೆ ಇನ್ನೆಂತ ನೋವು ಮಾರಾಯ್ರೆ!"